ಹಿತ್ತಲಿನಲ್ಲಿ ಹುಳದ ಪಾಲು

ಮೇ ತಿಂಗಳಲ್ಲಿ ಎರಡು ಅಡ್ಡಮಳೆ ಬಿದ್ದರೆ ಸಾಕು, ಮಲೆನಾಡಿನ ಹಿತ್ತಲಲ್ಲಿ ಕರಿಬೇವು, ಲಿಂಬೆ, ಕಂಚಿ ಗಿಡಗಳೆಲ್ಲ ಚಿಗುರುತ್ತವೆ. ಚಿಗುರಿನ ಬೆನ್ನಿಗೇ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುವ ಹುಳ ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಆಗ ಕೇಳುವ ಪ್ರಶ್ನೆ ಒಂದೇ: ಯಾವ ಔಷಧಿ ಹೊಡೆಯಬೇಕು? ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಎರಡು ಸಂಗತಿ ಗೊತ್ತಾಗಬೇಕು. ಗಿಡ ಎಷ್ಟೆತ್ತರ ಇದೆ, ಹುಳದ ಬಣ್ಣ ಯಾವುದು.

ಅದು ಲಿಂಬೆ ಚಿಟ್ಟೆಯದೋ ಕಾಮನ್ ಮಾರ್ಮನ್ ಚಿಟ್ಟೆಯದೋ ಮರಿ. ತಾಯಿ ಚಿಟ್ಟೆ ಎಳೆ ಎಲೆಗೆ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ತಿಳಿಹಳದಿ ಬಣ್ಣ, ಸುಮಾರು ಒಂದು ಮಿಲಿಮೀಟರ್ ಗಾತ್ರ. ಮೂರ್ನಾಲ್ಕು ದಿನಕ್ಕೆ ಅದು ಒಡೆಯುತ್ತದೆ. ಆಮೇಲೆ ಹುಳ ನಾಲ್ಕು ಸಲ ಪೊರೆ ಕಳಚುತ್ತದೆ. ನಾಲ್ಕನೆಯದು ಕಳಚುವವರೆಗೂ ಮೈ ಕಂದು-ಬಿಳಿ, ಕಳಚಿದ ಮೇಲೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ, ಅಷ್ಟೇ. ಕಚ್ಚುವುದಿಲ್ಲ, ತುರಿಕೆಯೂ ಆಗುವುದಿಲ್ಲ. ಹುಳವಾಗಿ ಇರುವುದು ಎರಡರಿಂದ ಮೂರು ವಾರ, ಥಂಡಿ ಹೆಚ್ಚಿದ್ದರೆ ಇನ್ನೂ ಕೆಲವು ದಿನ.

ಇಲ್ಲಿ ಗಮನಿಸಬೇಕಾದ್ದು ಊಟದ ಲೆಕ್ಕ. ಹುಳ ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಹಸಿರಾದ ಮೇಲಿನ ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಗಿಡ ಬೋಳಾಗಿದ್ದು ಕಣ್ಣಿಗೆ ಬಿದ್ದು, ಪೇಟೆಗೆ ಹೋಗಿ ಔಷಧಿ ತಂದು, ಪಂಪಿಗೆ ಹಾಕುವಷ್ಟರಲ್ಲಿ ಹುಳ ತಿಂದು ಮುಗಿಸಿ ಕೋಶ ಕಟ್ಟಲು ಜಾಗ ಹುಡುಕಿಕೊಂಡು ಹೋಗಿರುತ್ತದೆ. ಔಷಧಿ ಬೀಳುವುದು ನಾವು ಒಗ್ಗರಣೆಗೆ ಹಾಕುವ ಎಲೆಯ ಮೇಲೆ.

ಗಿಡ ನಾಲ್ಕಡಿ ದಾಟಿದ್ದು ಬೇರು ಗಟ್ಟಿಯಾಗಿದ್ದರೆ ಹುಳವನ್ನು ಅದರ ಪಾಡಿಗೆ ಬಿಡಿ. ಕರಿಬೇವಿನ ಟೊಂಗೆ ಪೂರ್ತಿ ಬೋಳಾದರೂ ಮತ್ತೆ ಚಿಗುರುತ್ತದೆ. ಚಿಗುರಲೆಂದೇ ನಾವು ತುದಿ ಕತ್ತರಿಸುವುದಿಲ್ಲವೇ? ಬುಡಕ್ಕೆ ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ ಹಾಕಿದರೆ ಸಾಕು. ಮೊಣಕಾಲೆತ್ತರದ ಸಸಿಯಾದರೆ ಮಾತು ಬೇರೆ. ಹತ್ತು ಕಡ್ಡಿ ಎಲೆ ಇರುವ ಸಸಿ ಎರಡು ದೊಡ್ಡ ಹುಳಕ್ಕೂ ಸಾಲುವುದಿಲ್ಲ, ಎಲೆ ಪದೇಪದೇ ಹೋದರೆ ಸಸಿಯೂ ಸೊರಗುತ್ತದೆ. ಆಗ ಹುಳವನ್ನು ದೊಡ್ಡ ಗಿಡಕ್ಕೆ ದಾಟಿಸಬೇಕು. ಬೆರಳಲ್ಲಿ ಹಿಡಿದು ಎಳೆಯಬಾರದು. ಪೊರೆ ಕಳಚುವ ಮುಂಚೆ ಹುಳ ಎಲೆಗೆ ರೇಷ್ಮೆ ನೇಯ್ದು ಅದಕ್ಕೆ ಕಾಲೂರಿ ಅಲುಗಾಡದೆ ಕೂತಿರುತ್ತದೆ. ಎಳೆದರೆ ಕಾಲು ಹರಿದು ಸಾಯುತ್ತದೆ. ಅದು ಕೂತ ಎಲೆಯನ್ನೇ ಕಡ್ಡಿ ಸಮೇತ ಕತ್ತರಿಸಿ, ದೊಡ್ಡ ಗಿಡದ ಟೊಂಗೆಗೆ ದಾರದಲ್ಲಿ ಕಟ್ಟಿ. ಎಲೆ ಬಾಡಿದಾಗ ಹುಳ ತಾನೇ ದಾಟಿಕೊಳ್ಳುತ್ತದೆ. ಕರಿಬೇವಿನ ಹುಳವನ್ನು ಕರಿಬೇವಿಗೆ, ಲಿಂಬೆಯದನ್ನು ಲಿಂಬೆಗೆ ಹಾಕಿ. ಒಂದು ಎಲೆಗೆ ಒಗ್ಗಿದ ಹುಳ ಇನ್ನೊಂದನ್ನು ಒಲ್ಲೆ ಎನ್ನುವುದುಂಟು. ಮಕ್ಕಳಿಗೆ ಚಿಟ್ಟೆ ಆಗುವುದನ್ನು ತೋರಿಸಲು ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯುವವರಿದ್ದಾರೆ. ಮಳೆಗಾಲದ ತೇವದಲ್ಲಿ ಹಿಕ್ಕೆಗೆ ಬೂಸ್ಟು ಬಂದು ಹುಳ ಕೊಳೆತು ಹೋಗುತ್ತದೆ. ಗಿಡದ ಮೇಲೆಯೇ ತೋರಿಸಿ.

ಹಿತ್ತಲಿನ ಅಂಚಿನಲ್ಲಿ ಜುಮ್ಮನ ಮರ ಇದ್ದರೆ ಮುಳ್ಳೆಂದು ಕಡಿಯಬೇಡಿ. ಲಿಂಬೆಯ ಕುಟುಂಬಕ್ಕೇ ಸೇರಿದ ಮರ ಅದು. ಪಶ್ಚಿಮ ಘಟ್ಟದ್ದೇ ಆದ ಮಲಬಾರ್ ಬ್ಯಾಂಡೆಡ್ ಪೀಕಾಕ್ ಚಿಟ್ಟೆ ಮೊಟ್ಟೆ ಇಡುವುದು ಅದರ ಎಲೆಗೆ.

ನರ್ಸರಿಯಿಂದ ತಂದ ಗಿಡದಲ್ಲಿ ಒಂದು ತೊಂದರೆ ಇದೆ. ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಕೀಟನಾಶಕ ಹಾಕಿ ಬೆಳೆಸಿದ ಗಿಡದಲ್ಲಿ ವಿಷ ಎಲೆಯೊಳಗೂ ಹೂವಿನ ಮಕರಂದದಲ್ಲೂ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಹೊಸ ಗಿಡದ ಮೇಲೆ ಮರಿಹುಳಗಳು ಒಂದೆರಡು ದಿನದಲ್ಲಿ ಕಪ್ಪಾಗಿ ಜೋತುಬಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಬೀಜದಿಂದಲೋ, ಪರಿಚಯದವರ ಹಿತ್ತಲಿನ ಬೇರುಸಸಿಯಿಂದಲೋ ಬೆಳೆಸುವುದು ಒಳ್ಳೆಯದು.

ಇನ್ನು ನಿಜವಾಗಿ ಎಚ್ಚರದಿಂದ ಇರಬೇಕಾದ ಹುಳಗಳು. ನುಗ್ಗೆಯ ಕಂಬಳಿಹುಳ ರಾತ್ರಿ ಎಲೆ ಮೇಯ್ದು, ಹಗಲು ಕಾಂಡದ ಮೇಲೆ ಗುಂಪಾಗಿ ಕೂರುತ್ತದೆ. ಹಗಲಿನ ಆ ಗುಂಪೇ ನಮಗೆ ಅನುಕೂಲ. ಪಂಜು ಹಿಡಿದು ಸುಡುವ ರೂಢಿ ಬೇಡ. ಸಿಪ್ಪೆ ಸುಟ್ಟು ಮರಕ್ಕೆ ಗಾಯವಾಗುತ್ತದೆ, ಉದುರಿದ ಕೂದಲು ಗಾಳಿಗೆ ಹಾರಿ ಕಣ್ಣಿಗೆ, ಮೂಗಿಗೆ ಸೇರುತ್ತದೆ. ತುಂಬುತೋಳಿನ ಅಂಗಿ, ಕೈಗವಸು ಹಾಕಿಕೊಂಡು, ಉದ್ದ ಹಿಡಿಯ ಪೊರಕೆಯಿಂದ ಸೋಪುನೀರಿನ ಬಕೆಟ್ಟಿಗೆ ಕೆಡವಿ. ತೆಂಗು, ಬಾಳೆ, ಮಾವು, ಕಾಫಿ ಎಲೆಯ ಅಡಿಯಲ್ಲಿ ಸಿಗುವ, ಬೆನ್ನಿನ ಮೇಲೆ ನೀಲಿ ಪಟ್ಟಿಯ ಹಸಿರು ಮುಳ್ಳುಹುಳ ಇನ್ನೂ ಜೋರು. ತಾಗಿದ ಕೂಡಲೇ ಉರಿ ಏರುತ್ತದೆ. ಉಜ್ಜಬೇಡಿ, ಉಜ್ಜಿದಷ್ಟೂ ಮುಳ್ಳು ಒಳಗೆ ಹೋಗುತ್ತದೆ. ಸೆಲ್ಲೋಟೇಪ್ ಒತ್ತಿ ಕೀಳಿ, ಎರಡು ಮೂರು ಸಲ ಹೊಸ ತುಂಡು ಬಳಸಿ. ಆಮೇಲೆ ಸೋಪು ಹಚ್ಚಿ ತೊಳೆದು ಐಸ್ ಇಡಿ. ಕಣ್ಣಿಗೆ ತಾಗಿದರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ತರಕಾರಿ ಮಡಿಯಲ್ಲಿ ಪಾಲು ಕೊಡುವ ಮಾತು ನಡೆಯುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬದನೆಯ ಕಾಂಡ ಮತ್ತು ಕಾಯಿ ಕೊರಕ ಮೊದಲು ಕುಡಿಯೊಳಗೆ ಸೇರುತ್ತದೆ. ನೀರು ಸಾಕಷ್ಟಿದ್ದರೂ ಕುಡಿ ಜೋತಿದ್ದರೆ ಒಳಗೆ ಹುಳ ಇದೆ ಎಂದರ್ಥ. ಬಾಡಿದ ಜಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ ಸೋಪುನೀರಿಗೆ ಹಾಕಿ. ಗೊಬ್ಬರದ ಗುಂಡಿಗೆ ಎಸೆದರೆ ಹುಳ ಅಲ್ಲೇ ಕೋಶ ಕಟ್ಟಿ ವಾಪಸ್ ಬರುತ್ತದೆ. ಎಲೆಕೋಸು, ಹೂಕೋಸು ಹಾಕುವವರು ನಾಟಿಗೆ ಹದಿನೈದು ದಿನ ಮುಂಚೆ ಮಡಿಯ ಅಂಚಿಗೆ ಸಾಸಿವೆ ಬಿತ್ತಿ, ನಾಟಿಯಾಗಿ ಇಪ್ಪತ್ತೈದು ದಿನಕ್ಕೆ ಇನ್ನೊಂದು ಸಾಲು ಬಿತ್ತಿ. ಕೋಸಿನ ಹುಳದ ತಾಯಿಯಾದ ವಜ್ರಬೆನ್ನಿನ ಪತಂಗ ಕೋಸಿಗಿಂತ ಸಾಸಿವೆಯನ್ನೇ ಹೆಚ್ಚು ಇಷ್ಟಪಡುತ್ತದೆ. ಹುಳ ತುಂಬಿದ ಸಾಸಿವೆಯನ್ನು ಕಿತ್ತು ನೀರಲ್ಲಿ ಮುಳುಗಿಸಿ.

ಸಿಂಪಡಣೆ ಬೇಕೇ ಬೇಕು ಎಂದಾದರೆ ಶೇಕಡ 5ರ ಬೇವಿನ ಬೀಜದ ಕಷಾಯ ಸಾಕು. 50 ಗ್ರಾಂ ಬೇವಿನ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಸ್ವಲ್ಪ ಸೋಪುನೀರು ಬೆರೆಸಿ ಅದೇ ದಿನ ಸಂಜೆ ಸಿಂಪಡಿಸಿ. ಮರುದಿನಕ್ಕೆ ಇಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಇದು ಎಲೆ ಮೇಲೆ ನಿಲ್ಲುವುದೇ ಇಲ್ಲ, ಆಗ ಕೈಯಿಂದ ಆರಿಸುವುದೊಂದೇ ದಾರಿ. ಹುಳ ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಪುಡಿಯನ್ನು ಜೈವಿಕ ಎಂದು ಮಾರುತ್ತಾರೆ, ಜೈವಿಕವೂ ಹೌದು. ಆದರೆ ಹುಳಗಳಿಗೆ ಬಳಸುವ ಬಿಟಿಗೆ ಕೋಸಿನ ಹುಳ ಯಾವುದು, ಚಿಟ್ಟೆಯ ಹುಳ ಯಾವುದು ಎಂಬ ಭೇದ ಇಲ್ಲ. ಕೋಸಿನ ಮಡಿಗೆ ಮಾತ್ರ, ಗಾಳಿ ಇಲ್ಲದ ಸಂಜೆಯಲ್ಲಿ ಹೊಡೆಯಿರಿ.

ಹುಳದ ಪಕ್ಕದಲ್ಲೋ ಮೈಮೇಲೋ ಸಣ್ಣ ಬಿಳಿ ಇಲ್ಲವೇ ಹಳದಿ ಗೂಡುಗಳ ಗುಂಪು ಕಂಡರೆ ಅದನ್ನು ಹುಳದ ಮೊಟ್ಟೆ ಎಂದು ಹೊಸಕುವವರೇ ಹೆಚ್ಚು. ಅದು ಪರಾವಲಂಬಿ ಕಣಜದ ಗೂಡು. ಹುಳದೊಳಗೆ ಬೆಳೆದು ಹೊರಬಂದ ಕಣಜದ ಮರಿಗಳು ಅಲ್ಲಿವೆ, ಮುಂದಿನ ತಲೆಮಾರಿನ ಹುಳಗಳನ್ನು ಅವು ಹತೋಟಿಯಲ್ಲಿಡುತ್ತವೆ. ಸಿಂಪಿಗ, ಚೇಕಡಿ ಹಕ್ಕಿಗಳು ಮರಿಗಳಿಗೆ ತಿನ್ನಿಸುವುದೂ ಇದೇ ಹುಳಗಳನ್ನು. ಹಣ್ಣಿನ ಗಿಡಕ್ಕೆ ಬಲೆ ಹಾಕುವುದಾದರೆ ನೈಲಾನಿನ ಅಗಲ ಕಣ್ಣಿನ ಬಲೆಯನ್ನು ನೆಲಕ್ಕೆ ತಾಗುವಂತೆ ಬಿಡಬೇಡಿ. ಇಲಿ ಹಿಡಿಯಲು ಬಂದ ಕೇರೆಹಾವು ಅದರಲ್ಲಿ ಸಿಕ್ಕಿ, ಎಳೆದಷ್ಟೂ ಬಿಗಿದು ಸಾಯುತ್ತದೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದನ್ನು ಬಿಗಿಯಾಗಿ ಕಟ್ಟಿ.

ಚಿಟ್ಟೆ ತೋಟದ ಬಗ್ಗೆ ಬರೆಯುವವರೆಲ್ಲ ಉದುರಿದ ಎಲೆ ಗುಡಿಸಬೇಡಿ ಎನ್ನುತ್ತಾರೆ. ಆ ಮಾತು ಸರಿ. ಮಿಂಚುಹುಳದ ಮರಿಗಳು ತೇವದ ದರಕಿನಡಿ ಬದುಕಿ ಬಸವನಹುಳ ತಿಂದು ಬೆಳೆಯುತ್ತವೆ. ಆದರೆ ಶಿವಮೊಗ್ಗ ಜಿಲ್ಲೆಯಲ್ಲಿ ಈ ಸಲಹೆಯನ್ನು ಹಾಗೆಯೇ ಪಾಲಿಸುವಂತಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಯ ಎಳೆಯ ಮರಿಗಳು ಒಣ ದರಕಿನಲ್ಲಿರುತ್ತವೆ, ಕಾಯಿಲೆಯ ಕಾಲ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಮೇವರೆಗೆ. ಆದ್ದರಿಂದ ಹಿತ್ತಲಿನ ಮರದ ಎಲೆಯನ್ನು ದೂರದ ಒಂದು ಮೂಲೆಯಲ್ಲಿ, ನೆರಳಲ್ಲಿ, ಒದ್ದೆಯಾಗಿ ಇಡಿ. ಓಡಾಡುವ ದಾರಿಯ ಎರಡೂ ಬದಿ ಮೂರಡಿ ಗುಡಿಸಿ ಚೊಕ್ಕ ಮಾಡಿ. ಆ ತಿಂಗಳುಗಳಲ್ಲಿ ಕಾಡಿನ ದರಕು ತಂದು ತೋಟಕ್ಕೆ ಹೊದಿಸಬೇಡಿ. ತೋಟದಿಂದ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಮೈಯಲ್ಲಿ ಉಣ್ಣೆ ಇದೆಯೇ ಎಂದು ನೋಡಿಕೊಳ್ಳಿ, ಬಟ್ಟೆ ಬೇರೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಬಸವನಹುಳದಲ್ಲೂ ನಮ್ಮದು, ಹೊರಗಿನದು ಎಂದಿದೆ. ಶಂಕುವಿನಾಕಾರದ, ಕಂದು ಪಟ್ಟೆಯ, ಅಂಗೈ ತುಂಬುವ ಚಿಪ್ಪಿನದು ಆಫ್ರಿಕಾದಿಂದ ಬಂದದ್ದು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಗ್ಗೆ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ ಗಟ್ಟಿ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಹೂಳಿ. ಉಪ್ಪನ್ನು ಮಣ್ಣಿಗೇ ಎರಚಿದರೆ ಗಿಡ ಹಾಳು. ಬಸವನಹುಳಕ್ಕೆಂದು ಅಂಗಡಿಯಲ್ಲಿ ಮಾರುವ ಮೆಟಾಲ್ಡಿಹೈಡ್ ಗುಳಿಗೆ ತಿಂದರೆ ನಾಯಿ ಸಾಯುತ್ತದೆ. ಕೆಂಪು, ಕಿತ್ತಳೆ ಮೈಯ ಇಂಡ್ರೆಲ್ಲಾ ಬಸವನಹುಳ ಮಾತ್ರ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ಅದನ್ನು ಆರಿಸಬೇಡಿ.

ಹೂವಿಗಾಗಿ ಲಂಟಾನ ನೆಡುವುದು ಬೇಡ, ಕಾಡನ್ನು ಅದು ನುಂಗಿದ್ದು ಸಾಕು. ಕೇಪಳ, ರಥಪುಷ್ಪ ಇದ್ದರೆ ದೊಡ್ಡ ಚಿಟ್ಟೆಗಳೂ ಬರುತ್ತವೆ. ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡಬೇಕೆಂದಿದ್ದರೆ ಈಶ್ವರಿ ಬಳ್ಳಿ ಬೇಕು. ಒಂದು ಬಳ್ಳಿ ನೆಟ್ಟು ನಿರಾಶರಾಗುವವರು ಬಹಳ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳೂ ಅದಕ್ಕೇ ಬರುತ್ತವೆ, ಬರ್ಡ್‌ವಿಂಗ್ ಹುಳವಂತೂ ಗಾತ್ರದಲ್ಲಿ ದೊಡ್ಡದು. ಎಲೆ ಮುಗಿದರೆ ಎಳೆ ಕಾಂಡಕ್ಕೂ ಬಾಯಿ ಹಾಕುತ್ತದೆ. ಅಡಿಕೆ ತೋಟದ ಬೇಲಿಗೋ ಅರೆನೆರಳಿನ ಮರದ ಬುಡಕ್ಕೋ ಐದಾರು ಬಳ್ಳಿ ಹಬ್ಬಿಸಿ, ಮೊದಲ ವರ್ಷ ಒಂದೆರಡನ್ನಾದರೂ ಸೊಳ್ಳೆಪರದೆಯೊಳಗೆ ಕಾಪಾಡಿಕೊಳ್ಳಿ. ದೊಡ್ಡ ಹೂವಿನ ವಿದೇಶಿ ಅಲಂಕಾರ ಜಾತಿಯನ್ನು ಅದರ ಬದಲಿಗೆ ತರಬೇಡಿ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅಂಥ ಬಳ್ಳಿಗೆ ಮೋಸಹೋಗಿ ಮೊಟ್ಟೆ ಇಟ್ಟು, ಮರಿಗಳೆಲ್ಲ ಎಲೆ ತಿಂದು ಸತ್ತ ಉದಾಹರಣೆ ಇದೆ. ಇನ್ನೊಂದು: ಈಶ್ವರಿ ಬೇರನ್ನು ಹಾವಿನ ವಿಷಕ್ಕೆ, ಜ್ವರಕ್ಕೆ ಎಂದು ಅರೆದು ಕುಡಿಸುವ ಮನೆಗಳು ಈಗಲೂ ಇವೆ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಬಳ್ಳಿ ಪೂರ್ತಿ ಹುಳಕ್ಕೇ ಇರಲಿ, ಮನೆಯವರು ಯಾರೂ ಅದನ್ನು ಬಾಯಿಗೆ ಹಾಕುವುದು ಬೇಡ.