ಧ್ವನಿ ರೂಪಕ: ಓದಿ ರೆಕಾರ್ಡ್ ಮಾಡಿದ್ದೆಲ್ಲ ರೂಪಕ ಅಲ್ಲ

ಮಕ್ಕಳಿಗೆ ಕಲೆಗಳ ಪರಿಚಯ ಮಾಡಿಸುವ 'ಧ್ವನಿ ರೂಪಕ' ಅಂತ ಇನ್ನೊಂದು ಆಡಿಯೋ ಮೊನ್ನೆ ವಾಟ್ಸಾಪಿನಲ್ಲಿ ಬಂತು. ಶುರುವಿಗೆ ತಂಬೂರಿ, ಕೊನೆಗೆ ತಂಬೂರಿ. ನಡುವೆ ಪುರಂದರದಾಸರ ಬಗ್ಗೆ ಬರೆದ ಒಂದು ಪ್ರಬಂಧವನ್ನು ಒಬ್ಬರು ಒಳ್ಳೆಯ ಕಂಠದಲ್ಲಿ, ತಪ್ಪಿಲ್ಲದೆ ಓದಿದ್ದಾರೆ. ಒಂದೇ ಒಂದು ಕೀರ್ತನೆ ಇಲ್ಲ. 'ಕರ್ನಾಟಕ ಸಂಗೀತ ಪಿತಾಮಹ' ಅನ್ನುವ ಬಿರುದು ಮಾತ್ರ ಮತ್ತೆ ಮತ್ತೆ ಬರುತ್ತದೆ. ಓದಿದವರ ಶ್ರಮದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು 'ವಾಚನ' ಅಂತ ಕರೆದಿದ್ದರೆ ಸುಮ್ಮನಿರುತ್ತಿದ್ದೆ. ರೂಪಕ ಅಂತ ಕರೆದಿದ್ದು ಸರಿಯಲ್ಲ. ಈಗೀಗ ಇದು ತೀರಾ ಜಾಸ್ತಿಯಾಗಿದೆ. ಭಾಷಣವೂ ರೂಪಕ, ಸಂದರ್ಶನವೂ ರೂಪಕ, ಪಾಠದ ಪುಸ್ತಕ ಓದಿದ್ದೂ ರೂಪಕ.

ರೂಪಕ ಅನ್ನುವ ಪದ ನಮ್ಮಲ್ಲಿ ನಾಲ್ಕಾರು ಕಡೆ ಓಡಾಡುತ್ತದೆ. ಹೈಸ್ಕೂಲಿನ ಅಲಂಕಾರದ ಪಾಠದಲ್ಲಿ ಉಪಮೆಯ ಪಕ್ಕದಲ್ಲೇ ಇದೆ. ಸಂಗೀತದಲ್ಲಿ ರೂಪಕ ತಾಳ ಇದೆ. ಪು.ತಿ.ನರಸಿಂಹಾಚಾರ್ಯರಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕದ ಹೆಸರೇ 'ಹಂಸದಮಯಂತಿ ಮತ್ತು ಇತರ ರೂಪಕಗಳು'. ಆಕಾಶವಾಣಿಯವರು ಇಂಗ್ಲಿಷಿನ 'ಫೀಚರ್'ಗೆ ಇದೇ ಪದ ಇಟ್ಟುಕೊಂಡರು. ತಾಳದ ವಿಷಯ ಇಲ್ಲಿಗೆ ಬೇಡ. ಉಳಿದ ಮೂರಕ್ಕೂ ಬೇರು ಒಂದೇ.

ಆ ಬೇರು ಚೆನ್ನಾಗಿ ಸಿಗುವುದು ನಾಟಕಶಾಸ್ತ್ರದಲ್ಲಿ. ಹತ್ತನೇ ಶತಮಾನದ ಧನಂಜಯ ತನ್ನ 'ದಶರೂಪಕ'ದಲ್ಲಿ ಎರಡು ಪದಗಳನ್ನು ಬಿಡಿಸಿ ಇಡುತ್ತಾನೆ. 'ರೂಪಂ ದೃಶ್ಯತಯೋಚ್ಯತೇ', ಕಣ್ಣಿಗೆ ಕಾಣುತ್ತದೆ, ಅದಕ್ಕೆ ರೂಪ. 'ರೂಪಕಂ ತತ್ಸಮಾರೋಪಾತ್', ಒಂದರ ಮೇಲೆ ಇನ್ನೊಂದನ್ನು ಏರಿಸುವುದರಿಂದ ಅದು ರೂಪಕ. ಈಗ ಕನ್ನಡದಲ್ಲಿ ಆರೋಪ ಅಂದ್ರೆ ಯಾರದ್ದೋ ಮೇಲೆ ದೂರು ಹೊರಿಸುವುದು. ಮೂಲದ ಅರ್ಥ ಬರೀ ಏರಿಸುವುದು, ಹೊರಿಸುವುದು ಅಷ್ಟೇ. ನಟನ ಮೇಲೆ ರಾಮನನ್ನು ಏರಿಸುತ್ತೇವೆ. ಪರದೆ ಎದ್ದಮೇಲೆ ಅಲ್ಲಿ ನಿಂತವನು ನಮಗೆ ರಾಮನೇ. 'ರಾಮನ ಹಾಗೆ ಇದ್ದಾನೆ' ಅಂತ ಯಾರೂ ಹೇಳುವುದಿಲ್ಲ. ಹಾಗೆ ಅನ್ನಿಸಿದ ಕ್ಷಣಕ್ಕೆ ನಾಟಕ ಬಿತ್ತು ಅಂತಲೇ ಅರ್ಥ.

ಅಲಂಕಾರದಲ್ಲೂ ಇದೇ ಕೆಲಸ ನಡೆಯುತ್ತದೆ. ಉಪಮೆಯಲ್ಲಿ 'ಅಂತೆ', 'ಹಾಗೆ' ಇರುತ್ತದೆ. ರೂಪಕದಲ್ಲಿ ಅದು ಬಿದ್ದುಹೋಗಿ ಎರಡೂ ಒಂದಾಗುತ್ತವೆ. ಮುಖ ಕಮಲದ ಹಾಗಿಲ್ಲ, ಮುಖವೇ ಕಮಲ.

ಇಷ್ಟು ಹಿಡಿದುಕೊಂಡರೆ ಒಂದು ಹಳೇ ವಾದ ತಾನಾಗಿ ಇತ್ಯರ್ಥವಾಗುತ್ತದೆ. 'ರೂಪ ಅಂದ್ರೆ ಕಾಣುವುದು, ರೇಡಿಯೋದಲ್ಲಿ ಏನೂ ಕಾಣುವುದಿಲ್ಲ, ಹಾಗಾಗಿ ಧ್ವನಿ ರೂಪಕ ಅನ್ನುವ ಹೆಸರೇ ತಪ್ಪು' ಅಂತ ಬಲ್ಲವರೂ ಹೇಳುವುದನ್ನು ಕೇಳಿದ್ದೇನೆ. ಅವರು ಧನಂಜಯನ ಮೊದಲ ಮಾತನ್ನು ಓದಿ ಎರಡನೆಯದನ್ನು ಬಿಟ್ಟಿದ್ದಾರೆ. ರೂಪಕದ ಜೀವ ಇರುವುದು ಏರಿಸುವ ಕೆಲಸದಲ್ಲಿ. ಸ್ಟುಡಿಯೋದಲ್ಲಿ ಎರಡು ತೆಂಗಿನ ಚಿಪ್ಪು ಹಿಡಿದು ಹಲಗೆಯ ಮೇಲೆ ತಟ್ಟಿದರೆ ಮನೆಯಲ್ಲಿ ಕೇಳುವವನಿಗೆ ಕುದುರೆ ಓಡುತ್ತದೆ. ಅವನಿಗೆ ಚಿಪ್ಪು ಕೇಳಿಸಿಯೇ ಇಲ್ಲ. ಸದ್ದಿನ ಮೇಲೆ ಕುದುರೆಯನ್ನು ಏರಿಸಿ ಆಯಿತು. ಇದಕ್ಕಿಂತ ಶುದ್ಧವಾದ ರೂಪಕ ಇನ್ಯಾವುದಿದೆ?

ಇನ್ನು 'ಧ್ವನಿ'. ಕಾವ್ಯಮೀಮಾಂಸೆ ಓದಿದವರಿಗೆ ಈ ಪದ ಕಂಡ ಕೂಡಲೇ ಧ್ವನಿ ಸಿದ್ಧಾಂತ ಕಟ್ಟಿದ ಆನಂದವರ್ಧನ ನೆನಪಾಗುತ್ತಾನೆ. ನಮ್ಮ 'ಕವಿರಾಜಮಾರ್ಗ'ವೂ 'ಧ್ವನಿಯೆಂಬುದಳಂಕಾರಂ' ಅಂತ ಒಂದು ಪದ್ಯ ಶುರುಮಾಡುತ್ತದೆ. ಅಲ್ಲಿನ ಧ್ವನಿ ಅಂದ್ರೆ ಮಾತು ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥ. ಧ್ವನಿ ರೂಪಕದ ಧ್ವನಿ ಅದಲ್ಲ. ಇದು ಕಿವಿಗೆ ಬೀಳುವ ಸದ್ದು ಅಷ್ಟೇ. ಇದಕ್ಕೂ ಅದಕ್ಕೂ ಗಂಟು ಹಾಕಿ ಬರೆದ ಮುನ್ನುಡಿಗಳು ಸಾಕಷ್ಟಿವೆ. ಅವನ್ನು ಹಾಗೇ ಬಿಡೋಣ.

ಬಾನುಲಿ ನಾಟಕಕ್ಕೂ ರೂಪಕಕ್ಕೂ ವ್ಯತ್ಯಾಸ ಇದೆ. ನಾಟಕ ಪಾತ್ರಗಳ ಮಾತಿನ ಮೇಲೆ ನಿಂತಿರುತ್ತದೆ. ರೂಪಕ ಒಂದು ವಿಷಯದ ಸುತ್ತ ಕಟ್ಟಿದ್ದು. ಅದರಲ್ಲಿ ನಿರೂಪಕ ಇರಬಹುದು, ಹಾಡು, ಸಂಭಾಷಣೆ, ನಿಜವಾದ ಕಲಾವಿದರ ದನಿ, ಬೀದಿಯ ಸದ್ದು ಎಲ್ಲ ಬರಬಹುದು. ಮಾತಿನ ಜಾಗದಲ್ಲಿ ಹಾಡೇ ಕಥೆ ನಡೆಸಿದರೆ ಗೀತರೂಪಕ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಸರ್ಕಾರಿ ಶಾಲೆಗಳಲ್ಲಿ ಓದಿದ ಎಷ್ಟೋ ಜನರಿಗೆ ರೇಡಿಯೋದ 'ಕೇಳಿ ಕಲಿ' ಕಾರ್ಯಕ್ರಮ ಈಗಲೂ ನೆನಪಿದೆ. ಅಂದರೆ ಕೇಳಿಸಿ ಕಲಿಸುವುದು ನಮಗೆ ಹೊಸದೇನಲ್ಲ. ಪಾಡ್‌ಕಾಸ್ಟ್ ಬಂದಮೇಲೆ ಹುಟ್ಟಿದ ವಿದ್ಯೆಯೂ ಅಲ್ಲ.

ಕಲೆಯ ಬಗ್ಗೆ ಮಾಡುವ ರೂಪಕಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಮಾತು ಮಾತ್ರ ಉಳಿಸಿ ಉಳಿದ ಸದ್ದನ್ನೆಲ್ಲ ತೆಗೆದುಹಾಕಿ. ಆಗಲೂ ಏನೂ ಕಳೆದುಹೋಗದಿದ್ದರೆ ಅದು ರೂಪಕ ಅಲ್ಲ.

ಪಿಟೀಲು ಚೌಡಯ್ಯನವರನ್ನೇ ತೆಗೆದುಕೊಳ್ಳಿ. 'ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಅದರ ನಾದ ಗಂಭೀರವೂ ಮಧುರವೂ ಆಗಿತ್ತು' ಅಂತ ಓದಿದರೆ ಹತ್ತು ವರ್ಷದ ಹುಡುಗನಿಗೆ ಸಿಕ್ಕಿದ್ದು ಎರಡು ವಿಶೇಷಣ. ಅದನ್ನೇ ಹೀಗೆ ಮಾಡಿ. ತುಂಬಿದ ಸಭೆಯ ಗುಜುಗುಜು. ಮೈಕ್ ಇಲ್ಲ. ದೂರದಲ್ಲಿ ನಾಲ್ಕು ತಂತಿಯ ಪಿಟೀಲು ಸಣ್ಣಗೆ ಕೇಳುತ್ತಿದೆ. ಹಿಂದಿನ ಸಾಲಿನವನೊಬ್ಬ 'ಏನೂ ಕೇಳ್ತಿಲ್ಲ ಕಣಯ್ಯ' ಅಂತ ಪಕ್ಕದವನಿಗೆ ಹೇಳುತ್ತಾನೆ. ಸ್ವಲ್ಪ ಬಿಟ್ಟು ಅದೇ ಸಭೆ, ಅದೇ ರಾಗ, ಈಗ ಏಳು ತಂತಿ. ನಾದ ದಪ್ಪವಾಗಿ ಬಂದು ಗುಜುಗುಜನ್ನು ದಾಟುತ್ತದೆ. ಹಿಂದಿನ ಸಾಲು ಸುಮ್ಮನಾಗುತ್ತದೆ. ತಂತಿ ಯಾಕೆ ಹೆಚ್ಚಿಸಿದರು ಅಂತ ಇನ್ನು ಮಗುವಿಗೆ ಹೇಳಬೇಕಾ? ಇಸವಿ, ಬಿರುದು, ಗುರುಗಳಾದ ಬಿಡಾರಂ ಕೃಷ್ಣಪ್ಪನವರ ಹೆಸರು, ಇವೆಲ್ಲ ಆಮೇಲೆ ಹೇಳಿದರೂ ಮನಸ್ಸಲ್ಲಿ ಕೂರುತ್ತವೆ.

ಪುರಂದರದಾಸರ ಆಡಿಯೋದಲ್ಲೂ ಇಂಥದ್ದು ಮಾಡಬಹುದಿತ್ತು. ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಸ್ವರಗಳ ಮೊದಲ ಅಭ್ಯಾಸದಿಂದ, ಪಾಠ ಶುರುಮಾಡುವ ಕ್ರಮ ದಾಸರಿಂದ ಬಂದದ್ದು ಅಂತ ಪರಂಪರೆ ಹೇಳುತ್ತದೆ. ಹಾಗಾದರೆ ಸಂಗೀತದ ಕ್ಲಾಸಿನಿಂದಲೇ ಶುರುಮಾಡಿ. ಹೊಸದಾಗಿ ಸೇರಿದ ಮಕ್ಕಳು ಒಂದನೇ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ತಡವರಿಸುತ್ತಾ ಹಾಡಲಿ. ಮೂರನೇ ಕಾಲಕ್ಕೆ ಬಂದಾಗ ಒಬ್ಬಳು ತಾಳ ತಪ್ಪಲಿ, ಮೇಷ್ಟ್ರು ತೊಡೆ ತಟ್ಟಿ ನಿಲ್ಲಿಸಲಿ. ಕೇಳುವ ಮಗುವಿಗೆ ದಾಸರು ತನ್ನ ಪಕ್ಕದ ಮನೆಯ ಕ್ಲಾಸಿನಲ್ಲೇ ಸಿಗುತ್ತಾರೆ.

ಯಕ್ಷಗಾನದ ಬಗ್ಗೆ ಬರುವ ಆಡಿಯೋಗಳಲ್ಲಿ ಇನ್ನೊಂದು ತಪ್ಪು. ಚೆಂಡೆಯ ಸದ್ದನ್ನು ಹಿನ್ನೆಲೆ ಸಂಗೀತದ ಹಾಗೆ ಮಾತಿನ ಕೆಳಗೆ ಸಣ್ಣಗೆ ಇಟ್ಟುಬಿಡುತ್ತಾರೆ. ಚೆಂಡೆ ಹಿನ್ನೆಲೆ ವಾದ್ಯ ಅಲ್ಲ ಮಾರಾಯರೇ. ಮದ್ದಳೆ ಪದ್ಯದ ಜೊತೆಗೇ ನಡೆಯುತ್ತಾ ಬರುತ್ತದೆ. ಚೆಂಡೆ ಏಳುವುದು ವೀರ, ರೌದ್ರ, ಯುದ್ಧ ಬಂದಾಗ. ಅದು ಎದ್ದಿತು ಅಂದರೆ ಕಥೆ ತಿರುಗಿತು ಅಂತ ಊರಿನ ಮಕ್ಕಳಿಗೂ ಗೊತ್ತು. ಬಣ್ಣದ ವೇಷ ರಂಗಕ್ಕೆ ಬರುವ ರೀತಿಯಂತೂ ಕೇಳುಗನಿಗಾಗಿಯೇ ಮಾಡಿಟ್ಟಂತಿದೆ. ರಾಕ್ಷಸ ತೆರೆಯ ಹಿಂದಿರುತ್ತಾನೆ. ಮೊದಲು ಕೇಳುವುದು ಅವನ ಅಬ್ಬರ, ಕಾಣುವುದು ಆಮೇಲೆ. ರೂಪಕದಲ್ಲಿ ಆ ಗಳಿಗೆ ಹೀಗಿರಬಹುದು:

'ಅಜ್ಜ, ಚೆಂಡೆ ಯಾಕೆ ಜೋರಾಯ್ತು?'

'ಸುಮ್ನೆ ಕೂತ್ಕೋ. ತೆರೆ ಹಿಂದೆ ಯಾರಿದ್ದಾರೆ ಕೇಳು.'

ಅಬ್ಬರ. ಮತ್ತೆ ಚೆಂಡೆ.

'ಅಜ್ಜ, ಕೈ ಹಿಡ್ಕೊಳ್ಳಿ.'

ಇಷ್ಟು ಸಾಕು. ಬಣ್ಣದ ವೇಷದ ಬಗ್ಗೆ ಎರಡು ಪುಟ ಓದಿದರೂ ಈ ಹುಡುಗಿಯ ಕೈ ನಡುಗುವುದು ಮಗುವಿಗೆ ಸಿಗುವುದಿಲ್ಲ. ಬೇಕಾದರೆ ಮುಂದೆ ಯಕ್ಷಗಾನದ ಎರಡು ಶೈಲಿಗಳಾದ ತೆಂಕುತಿಟ್ಟಿನ ಚೆಂಡೆ, ಬಡಗುತಿಟ್ಟಿನ ಚೆಂಡೆ ಒಂದರ ಹಿಂದೆ ಒಂದು ಕೇಳಿಸಿ. ನಾದ ಬೇರೆ ಅಂತ ಮಕ್ಕಳು ತಾವೇ ಹೇಳುತ್ತಾರೆ. ಆಮೇಲೆ ತಿಟ್ಟುಗಳ ವಿಚಾರ ತೆಗೆಯಿರಿ.

ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿ ಇದೇ ರೂಪಕ ಅನ್ನುವವರೂ ಇದ್ದಾರೆ. ಯಕ್ಷಗಾನದ್ದೇ ಒಂದು ಬಗೆಯಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ಮಾತಿನಲ್ಲೇ ಎಲ್ಲ ನಡೆಯುತ್ತದೆ ನಿಜ. ಆದರೆ ಅದು ಕಲೆಯೇ. ಕಲೆಯ ಕಡೆಗೆ ಮಗುವನ್ನು ಕರೆದೊಯ್ಯುವ ಕಥೆ ಅಲ್ಲ. ಕೃಷ್ಣ ಸಂಧಾನದಲ್ಲಿ ಕೃಷ್ಣನೂ ಕೌರವನೂ ವಾದಕ್ಕೆ ಕೂತರೆ ಗಂಟೆಗಟ್ಟಲೆ ಹೋಗುತ್ತದೆ. ಹೊಸ ಕಿವಿಗೆ ಅದು ತಲೆಬುಡ ತಿಳಿಯದ ಜಗಳ. ಅದರಲ್ಲಿ ಎರಡು ಸವಾಲು, ಎರಡು ಜವಾಬು ಆರಿಸಿ, ಈ ಮಾತು ಯಾರೂ ಬರೆದುಕೊಟ್ಟದ್ದಲ್ಲ, ಅಲ್ಲೇ ಹುಟ್ಟಿದ್ದು ಅಂತ ತಿಳಿಯುವ ಹಾಗೆ ಕಟ್ಟಿದರೆ ಆಗ ರೂಪಕ.

ಹೊರಗಿನದ್ದೊಂದು ಉದಾಹರಣೆ ಹೇಳಲೇಬೇಕು. 1936ರಲ್ಲಿ ಮಾಸ್ಕೋದ ಮಕ್ಕಳ ರಂಗಮಂದಿರಕ್ಕಾಗಿ ರಷ್ಯಾದ ಸಂಗೀತಗಾರ ಸೆರ್ಗೈ ಪ್ರೊಕೊಫಿಯೆವ್ 'ಪೀಟರ್ ಮತ್ತು ತೋಳ' ಅನ್ನುವ ಸಂಗೀತ ಕಥೆ ಬರೆದರು. ಒಬ್ಬ ಕಥೆ ಹೇಳುತ್ತಾನೆ, ವಾದ್ಯಗಳು ಪಾತ್ರಗಳಾಗುತ್ತವೆ. ಹಕ್ಕಿಗೆ ಕೊಳಲು, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ಬಾತುಕೋಳಿಗೆ ಓಬೋ, ತೋಳಕ್ಕೆ ಮೂರು ಹಾರ್ನ್. ತೋಳ ಬಾತುಕೋಳಿಯನ್ನು ಇಡಿಯಾಗಿ ನುಂಗಿರುತ್ತದೆ. ಕೊನೆಯಲ್ಲಿ ಅದರ ಹೊಟ್ಟೆಯೊಳಗಿಂದ ಓಬೋ ಕೇಳಿಸುತ್ತದೆ. ಅದನ್ನು ಕೇಳಿದ ಮಗು ಓಬೋ ನಾದವನ್ನು ಮರೆಯುವುದಿಲ್ಲ. ಮೊದಲಿಗೇ ಯಾವ ಪಾತ್ರಕ್ಕೆ ಯಾವ ವಾದ್ಯ ಅಂತ ಹೇಳಿ ಪರಿಚಯಿಸುತ್ತಾರೆ. ಆದರೆ ಪಾಠ ತಲೆಗೆ ಹೋಗುವುದು ಆ ಹೊಟ್ಟೆಯ ಹತ್ತಿರ. ನಮ್ಮ ನಾಗಸ್ವರ, ಡೊಳ್ಳು, ಕಿಂದರಿ, ಚೌಡಿಕೆಗಳನ್ನಿಟ್ಟುಕೊಂಡು ಇಂಥ ಕಥೆಗಳು ಎಷ್ಟು ಬೇಕಾದರೂ ಬರಬೇಕಿತ್ತು.

ಶಿಲ್ಪ, ಚಿತ್ರಗಳಿಗೆ ಧ್ವನಿ ರೂಪಕ ಆಗುತ್ತದಾ ಅಂತ ಕೇಳುತ್ತಾರೆ. ಶಿಲ್ಪಕ್ಕೆ ಚೆನ್ನಾಗಿಯೇ ಆಗುತ್ತದೆ. ಬೇಲೂರಿನ ಶಿಲಾಬಾಲಿಕೆಯ ಬಳುಕನ್ನು ಮಾತಿನಲ್ಲಿ ವರ್ಣಿಸಲು ಹೋಗಬೇಡಿ. ಅದು ಫೋಟೋದ ಕೆಲಸ. ಉಳಿಯ ಸದ್ದು ಕೇಳಿಸಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ ಬಳಪದ ಕಲ್ಲಿನದು. ಗಣಿಯಿಂದ ತೆಗೆದಾಗ ಅದು ಮೆತ್ತಗಿರುತ್ತದೆ. ಗಾಳಿ ಬಿಸಿಲಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಅದರ ಮೇಲೆ ಉಳಿ ಬಿದ್ದರೆ ಮಂದ ಸದ್ದು. ಹಂಪಿಯ ಕಣಶಿಲೆಯ, ಅಂದರೆ ಗ್ರಾನೈಟಿನ ಮೇಲೆ ಬಿದ್ದರೆ ಠಣ್ ಅನ್ನುತ್ತದೆ. ಎರಡನ್ನೂ ಕೇಳಿಸಿ, ಯಾವ ಕಲ್ಲಿನಲ್ಲಿ ಬೆರಳಿನ ಉಂಗುರದ ಕೆತ್ತನೆ ಮಾಡಬಹುದು ಅಂತ ಕೇಳಿ. ಹೊಯ್ಸಳ ಶಿಲ್ಪದ ಸೂಕ್ಷ್ಮಕ್ಕೆ ಒಂದು ಮುಖ್ಯ ಕಾರಣ ಮಕ್ಕಳ ಬಾಯಿಂದಲೇ ಬರುತ್ತದೆ. ಮಾತನಾಡಲು ಪಾತ್ರಗಳೂ ಇದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನಲ್ಲಿ ಕೆತ್ತಿ ತಮ್ಮ ಹೆಸರು ಬರೆದಿಟ್ಟು ಹೋಗಿದ್ದಾರೆ. ಅಪ್ಪ ಮಗ ಒಂದೇ ಕಲ್ಲಿನ ಎದುರು ಕೂತರೆ ಏನು ಮಾತಾಡಿಯಾರು ಅನ್ನುವುದೇ ಒಂದು ರೂಪಕಕ್ಕೆ ಸಾಕು.

ಚಿತ್ರಕಲೆ ಕಷ್ಟ. ಬಣ್ಣಕ್ಕೆ ಸದ್ದಿಲ್ಲ. ಬಣ್ಣ ಅರೆಯುವುದು, ಕಾಗದ ತಿಕ್ಕುವುದು, ಗುರು ಶಿಷ್ಯನ ಗೆರೆ ತಿದ್ದುವುದು ಇವೆಲ್ಲ ಕೇಳುತ್ತವೆ. ಚಿತ್ರ ಕೇಳುವುದಿಲ್ಲ. ಅಲ್ಲಿ ಆಡಿಯೋ ಜೊತೆಗೆ ಚಿತ್ರವನ್ನೂ ಕೈಗೆ ಕೊಡಿ.

ಹಾಗಂತ ಬರೀ ಓದಿದ್ದು ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಓದುವುದೇ ಒಂದು ಕಲೆಯಾಗಿ ಬೆಳೆದಿದೆ. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ರಾಗದಲ್ಲಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿಗಳಲ್ಲಿ ಈ ಕಲೆ ಈಗಲೂ ಗಟ್ಟಿಯಾಗಿದೆ. ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರು ಮಾಡುತ್ತಿದ್ದುದಕ್ಕೆ ಗಮಕ ವಾಚನ ಅಂತಲೇ ಹೆಸರು. ಹಾಗೆಯೇ ಪುಸ್ತಕವನ್ನು ಇದ್ದ ಹಾಗೆ ಓದಿದರೆ ಧ್ವನಿ ಪುಸ್ತಕ ಅನ್ನಿ, ಆಡಿಯೋ ಬುಕ್ ಅಂದರೂ ಎಲ್ಲರಿಗೂ ತಿಳಿಯುತ್ತದೆ. ಕಲಾವಿದರನ್ನು ಮಾತನಾಡಿಸಿದರೆ ಸಂದರ್ಶನ. ವಿಷಯ ಬಲ್ಲವರು ಕೂತು ವಿವರಿಸಿದರೆ ಉಪನ್ಯಾಸ. ಇವಕ್ಕೆಲ್ಲ ಹೆಸರು ಆಗಲೇ ಇದೆ.