ಒಂದೇ ಕಾಲು ಊದಿಕೊಂಡರೆ

ಹೃದಯ ವೈಫಲ್ಯವಿರುವವರ ಕಾಲು ಊದಿಕೊಳ್ಳುವುದು ಮನೆಮಂದಿಗೆಲ್ಲ ಗೊತ್ತಿರುವ ಸಂಗತಿ. ಸಂಜೆಯಾಗುತ್ತಲೇ ಚಪ್ಪಲಿ ಬಿಗಿಯಾಗುತ್ತದೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ, ಮೂತ್ರ ಹೋಗುವ ಮಾತ್ರೆ ತೆಗೆದುಕೊಂಡರೆ ಇಳಿಯುತ್ತದೆ. ಈ ಊತ ರೂಢಿಯಾಗಿಬಿಟ್ಟಿರುವುದರಿಂದಲೇ ಇನ್ನೊಂದು ಅಪಾಯ ಕಣ್ತಪ್ಪುತ್ತದೆ. ಎರಡೂ ಕಾಲು ಸಮನಾಗಿ ಊದುವ ಬದಲು ಒಂದೇ ಕಾಲು ಹೆಚ್ಚು ಊದಿದ್ದರೆ, ಹೃದಯಕ್ಕೆ ರಕ್ತ ಮರಳಿಸುವ ಆಳದ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ವೈದ್ಯರು ಇದನ್ನು ಡಿವಿಟಿ (ಡೀಪ್ ವೇನ್ ಥ್ರಾಂಬೋಸಿಸ್) ಎನ್ನುತ್ತಾರೆ.

ಕಾಲಿಗಿಳಿದ ರಕ್ತವನ್ನು ಮತ್ತೆ ಮೇಲಕ್ಕೆ ಕಳಿಸುವುದರಲ್ಲಿ ದೊಡ್ಡ ಪಾಲು ಮೀನಖಂಡದ ಸ್ನಾಯುಗಳದು. ನಡೆಯುವಾಗ ಅವು ಅಭಿಧಮನಿಗಳನ್ನು ಹಿಂಡುತ್ತವೆ. ಒಳಗಿನ ಪುಟ್ಟ ಕವಾಟಗಳು ರಕ್ತ ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಹೃದಯ ಸೋತಾಗ ಬಲಭಾಗಕ್ಕೆ ಬಂದ ರಕ್ತ ಬೇಗ ಖಾಲಿಯಾಗದೆ ಒತ್ತಡ ಕಾಲಿನವರೆಗೂ ಹಿಮ್ಮೆಟ್ಟುತ್ತದೆ. ಏದುಸಿರಿನಿಂದಾಗಿ ರೋಗಿ ನಡೆಯುವುದನ್ನೂ ಬಿಡುತ್ತಾರೆ. ಕಾಲುವೆಯ ತಿರುವಿನಲ್ಲಿ ನೀರು ಸುಳಿದು ನಿಲ್ಲುವಂತೆ ಕವಾಟಗಳ ಹಿಂದಿನ ಪುಟ್ಟ ಜೇಬುಗಳಲ್ಲಿ ರಕ್ತ ನಿಧಾನವಾಗಿ ಸುತ್ತುತ್ತದೆ, ಅಲ್ಲಿ ಆಮ್ಲಜನಕ ಕುಸಿಯುತ್ತದೆ. ಆಗ, ಸಾಮಾನ್ಯವಾಗಿ ರಕ್ತವನ್ನು ಅಂಟಗೊಡದ ರಕ್ತನಾಳದ ಒಳಪದರ ತನ್ನ ಗುಣ ಬದಲಿಸಿ ಬಿಳಿ ರಕ್ತಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗಾಯವೇ ಇಲ್ಲದ ಕಡೆ ಹೆಪ್ಪು ಶುರುವಾಗುವುದು ಹೀಗೆ.

ಶ್ವಾಸಕೋಶದ ನಾಳದಲ್ಲಿ ಕಾಣುವ ಹೆಪ್ಪು ಬೇರೆಡೆಯ ಅಭಿಧಮನಿಯಿಂದ ರಕ್ತದೊಂದಿಗೆ ತೇಲಿ ಬಂದಿರಬಹುದೆಂದು 19ನೇ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟವರು ಬರ್ಲಿನ್‌ನ ವೈದ್ಯ ರುಡಾಲ್ಫ್ ವಿರ್ಚೊ. ಹರಿವು ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ರಕ್ತವೇ ಹೆಪ್ಪುಗಟ್ಟಲು ಒಲಿಯುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಹೃದಯ ವೈಫಲ್ಯದಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ. ಅಮೆರಿಕದ ನಾಲ್ಕು ಸಮುದಾಯಗಳ ಸುಮಾರು 15,000 ಜನರನ್ನು ದಶಕಗಳ ಕಾಲ ಗಮನಿಸಿದ ಎಆರ್‌ಐಸಿ ಅಧ್ಯಯನದಲ್ಲಿ, ಹೃದಯ ವೈಫಲ್ಯವಾದವರಿಗೆ ಇಂಥ ಹೆಪ್ಪಿನ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿತ್ತು.

ಹೆಪ್ಪು ಕಿತ್ತು ಶ್ವಾಸಕೋಶ ಸೇರಿದರೆ ಶ್ವಾಸಕೋಶಕ್ಕೆ ರಕ್ತ ಕಳಿಸುವ ಹೃದಯದ ಕೋಣೆಯಾದ ಬಲ ಹೃತ್ಕುಕ್ಷಿ ಒಮ್ಮೆಲೇ ದೊಡ್ಡ ಒತ್ತಡದ ಎದುರು ರಕ್ತ ತಳ್ಳಬೇಕಾಗುತ್ತದೆ. ಅದರ ಗೋಡೆ ತೆಳು. ಗಟ್ಟಿ ಹೃದಯ ತಾಳಿಕೊಳ್ಳಬಹುದಾದ ಹೆಪ್ಪನ್ನು ಮೊದಲೇ ದಣಿದ ಹೃದಯ ತಾಳದು. ನನ್ನನ್ನು ಹೆಚ್ಚು ಕಾಡುವುದು ಎರಡು ಕಾಯಿಲೆಗಳ ಲಕ್ಷಣಗಳೂ ಒಂದೇ ಆಗಿರುವುದು: ಏದುಸಿರು, ವೇಗದ ನಾಡಿ, ಸುಸ್ತು. ‘ಹಾರ್ಟ್ ತೊಂದರೆಯೇ ಹೆಚ್ಚಾಗಿದೆ’ ಎಂದುಕೊಂಡು ಕಾದರೆ ಸಮಯ ಹೋಗುತ್ತದೆ. ಹೆಪ್ಪು ಕರಗುವಾಗ ಉಳಿಯುವ ತುಣುಕುಗಳನ್ನು ರಕ್ತದಲ್ಲಿ ಅಳೆಯುವ ಡಿ-ಡೈಮರ್ ಪರೀಕ್ಷೆಯೂ ಇಲ್ಲಿ ಅಷ್ಟು ನೆರವಾಗದು; ವಯಸ್ಸಾದವರಲ್ಲಿ, ಹೃದಯ ವೈಫಲ್ಯದವರಲ್ಲಿ ಆ ಅಳತೆ ಹೆಪ್ಪಿಲ್ಲದೆಯೂ ಏರಿರಬಹುದು. ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್ ಆದ ಕಾಲಿನ ಡಾಪ್ಲರ್ ಸ್ಕ್ಯಾನ್ ಹೆಚ್ಚು ಸ್ಪಷ್ಟ ಉತ್ತರ ಕೊಡುತ್ತದೆ. ಅದಕ್ಕೂ ಮೊದಲು ಒಂದು ಅಳತೆ ಟೇಪು ಸಾಕು: ಮೊಣಕಾಲ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆ ನೋಡಬೇಕು. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನಕ್ಕೆ ಕಾರಣವಿದೆ.

ಹಾಗಾದರೆ ಎಲ್ಲರಿಗೂ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರಾಯಿತಲ್ಲ? ಇಲ್ಲ. 2018ರಲ್ಲಿ ಪ್ರಕಟವಾದ ಕಮಾಂಡರ್ ಎಚ್‌ಎಫ್ ಪ್ರಯೋಗದಲ್ಲಿ ಹೃದಯ ವೈಫಲ್ಯದ ಜೊತೆ ಹೃದಯದ ರಕ್ತನಾಳದ ಕಾಯಿಲೆಯೂ ಇದ್ದವರಿಗೆ ರಿವರೊಕ್ಸಾಬಾನ್ ಎಂಬ ಇಂಥದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಸಾವು, ಹೃದಯಾಘಾತ, ಪಾರ್ಶ್ವವಾಯು ಒಟ್ಟಾಗಿ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ರಕ್ತಸ್ರಾವದ ಭಯವಂತೂ ಇದ್ದೇ ಇದೆ. ಆಸ್ಪತ್ರೆ ಸೇರಿ ಹಾಸಿಗೆ ಹಿಡಿದ ದಿನಗಳ ಮಾತು ಬೇರೆ. 1999ರ ಮೆಡೆನಾಕ್ಸ್ ಪ್ರಯೋಗದಲ್ಲಿ ಹೃದಯ ವೈಫಲ್ಯದವರೂ ಸೇರಿದಂತೆ ತೀವ್ರ ಅಸ್ವಸ್ಥರಿಗೆ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ ಚುಚ್ಚುಮದ್ದನ್ನು ದಿನಕ್ಕೆ 40 ಮಿ.ಗ್ರಾಂ ಕೊಟ್ಟಾಗ ಹೆಪ್ಪು ಕಾಣಿಸಿಕೊಂಡವರ ಪ್ರಮಾಣ ಶೇ. 14.9ರಿಂದ ಶೇ. 5.5ಕ್ಕೆ ಇಳಿಯಿತು. ಆದ್ದರಿಂದ ಮನೆಯವರು ದಾಖಲಾದ ದಿನವೇ ವೈದ್ಯರನ್ನು ಕೇಳಬೇಕು: ‘ಹೆಪ್ಪುಗಟ್ಟದಂತೆ ಏನಾದರೂ ಕೊಡುತ್ತಿದ್ದೀರಾ?’

ಒಂದು ಮಾತು ಒತ್ತಿ ಹೇಳಲೇಬೇಕು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಬೇಡಿ, ಹೆಪ್ಪು ಕದಲಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಜೊತೆಗೆ ಹಠಾತ್ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ತಲೆಸುತ್ತಿ ಬಿದ್ದರೆ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ, ಕಾಲಿನ ಊತದ ವಿಷಯವನ್ನು ಮೊದಲೇ ಹೇಳಿ.