ಪುಟ್ಟ ಮಗುವಿಗೆ ಅನಸ್ತೇಸಿಯಾ ಕೊಟ್ಟರೆ ಬುದ್ಧಿ ಮಂದ ಆಗುತ್ತದಾ?

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ, 12 ಕೆಜಿ ಇದ್ದಾನೆ. ತೊಡೆಸಂದಿನ ಹರ್ನಿಯಾಕ್ಕೆ ಮುಂದಿನ ತಿಂಗಳು ಮಂಗಳೂರಿನಲ್ಲಿ ಆಪರೇಷನ್. ಇಷ್ಟು ಸಣ್ಣ ಮಗುವಿಗೆ ಅನಸ್ತೇಸಿಯಾ ಕೊಟ್ಟರೆ ಮುಂದೆ ವಿದ್ಯೆ ತಲೆಗೆ ಹತ್ತುವುದಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಾರೆ. ನಿಜವಾ? ಅಡ್ಡಪರಿಣಾಮ ಕಡಿಮೆಯಾಗಲು ನಾವೇನು ಮಾಡಬೇಕು?
— ಒಬ್ಬ ತಾಯಿ, ಕಾಪು

ಉತ್ತರ: ನಿಮ್ಮ ಅತ್ತೆಯ ಭಯ ಸುಮ್ನೆ ಹುಟ್ಟಿದ್ದಲ್ಲ. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತ್ತು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಜಾಸ್ತಿ ಹೊತ್ತು, ಇಲ್ಲವೇ ಮತ್ತೆ ಮತ್ತೆ ಅರಿವಳಿಕೆ ಕೊಟ್ಟರೆ ಮಿದುಳಿನ ಬೆಳವಣಿಗೆಗೆ ತೊಂದರೆ ಆಗಬಹುದು ಎಂದು. ಪ್ರಾಣಿಗಳ ಮರಿಗಳ ಮೇಲೆ ನಡೆದ ಪ್ರಯೋಗಗಳು ಅದರ ಹಿಂದೆ ಇದ್ದವು. ಸುದ್ದಿ ವಾಟ್ಸಾಪಿಗೆ ಬರುವಷ್ಟರಲ್ಲಿ 'ಮೂರು ಗಂಟೆ', 'ಮತ್ತೆ ಮತ್ತೆ' ಎರಡೂ ಉದುರಿಹೋದವು.

ನಿಮ್ಮ ಮಗನ ಆಪರೇಷನ್ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುವಂಥದ್ದು. ಇದೇ ಹರ್ನಿಯಾ ಇದ್ದ 722 ಹಸುಗೂಸುಗಳನ್ನು ಏಳು ದೇಶಗಳಲ್ಲಿ ಎರಡು ಗುಂಪು ಮಾಡಿ ನೋಡಿದ್ದಾರೆ. ಒಂದು ಗುಂಪಿಗೆ ಪೂರ್ತಿ ನಿದ್ದೆ ಬರಿಸಿದರು. ಇನ್ನೊಂದಕ್ಕೆ ಎಚ್ಚರ ಇರುವಾಗಲೇ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದರು. ಮಕ್ಕಳಿಗೆ ಐದು ವರ್ಷ ಆದಾಗ ಐಕ್ಯು ಅಳೆದು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯತ್ಯಾಸ ಕಾಣಲಿಲ್ಲ.

ಹಲವು ಸಲ ಅನಸ್ತೇಸಿಯಾ ಪಡೆದವರ ಕಥೆ ಸ್ವಲ್ಪ ಬೇರೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2018ರಲ್ಲಿ ಹೇಳಿದ ಪ್ರಕಾರ ಅಂಥ ಮಕ್ಕಳ ಐಕ್ಯು ಸರಿಯಾಗಿಯೇ ಇತ್ತು, ಆದರೆ ಬೆರಳಿನ ಸೂಕ್ಷ್ಮ ಕೆಲಸದಲ್ಲಿ, ಯೋಚಿಸುವ ವೇಗದಲ್ಲಿ ತುಸು ಹಿಂದೆ. ಹಾಗಾಗಿ ಮಗುವಿಗೆ ಇನ್ನೊಂದು ಸಣ್ಣ ಆಪರೇಷನ್ ಕೂಡ ಬಾಕಿ ಇದ್ದರೆ ಎರಡನ್ನೂ ಒಂದೇ ಸಲ ಮಾಡಲು ಆಗುತ್ತದಾ ಎಂದು ಕೇಳಿ. ಹೆದರಿ ಹರ್ನಿಯಾವನ್ನು ಮಾತ್ರ ಮುಂದೂಡಬೇಡಿ. ಕರುಳು ಅದರೊಳಗೆ ಸಿಕ್ಕಿಹಾಕಿಕೊಂಡರೆ ಮಧ್ಯರಾತ್ರಿ ತುರ್ತಾಗಿ ಮಾಡಬೇಕಾಗುತ್ತದೆ. ಆಗ ಅಪಾಯ ಜಾಸ್ತಿ.

ಇಷ್ಟು ವರ್ಷ ಆಪರೇಷನ್ ಥಿಯೇಟರಿನಲ್ಲಿ ಅನಸ್ತೇಸಿಯಾ ಕೊಡುತ್ತಾ ಮಕ್ಕಳ ತಲೆಯ ಪಕ್ಕ ನಿಂತ ನನಗೆ ಅವರ ಬುದ್ಧಿಯ ಚಿಂತೆ ಇಲ್ಲ. ನನಗೆ ಭಯ ಎರಡಕ್ಕೆ: ಹೊಟ್ಟೆಯಲ್ಲಿ ಉಳಿದ ಊಟ, ಮೂಗಿನಲ್ಲಿ ಉಳಿದ ಶೀತ. ಇವೆರಡೂ ಡಾಕ್ಟರ ಕೈಗಿಂತ ಹೆಚ್ಚಾಗಿ ಮನೆಯವರ ಕೈಯಲ್ಲಿವೆ.

ಒಮ್ಮೆ ಬೆಳಗ್ಗೆ ಎಂಟು ಗಂಟೆಗೆ ಒಂದು ಮಗುವನ್ನು ಎತ್ತಿಕೊಂಡು ತಂದರು. ಏನೂ ತಿಂದಿಲ್ಲ ಎಂದು ಅಮ್ಮ ಮೂರು ಸಲ ಹೇಳಿದರು. ಫ್ರಾಕಿನ ಕಾಲರಿನ ಮೇಲೆ ಕಂದು ಬಣ್ಣದ ಕಲೆ, ಉಗುರಿನಲ್ಲಿ ಕೆರೆದರೆ ಇನ್ನೂ ಹಸಿ. ಬಾಗಿಲ ಹೊರಗಿದ್ದ ಅಜ್ಜಿಯನ್ನು ಕರೆದು ಕೇಳಿದೆ. "ಮಗು ಅಳ್ತಿತ್ತು ಡಾಕ್ಟ್ರೇ, ರಾಗಿ ಮಣ್ಣಿ ಎರಡೇ ಚಮಚ." ಅಮ್ಮನಿಗೂ ಗೊತ್ತಿರಲಿಲ್ಲ. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಮಗು ಮಂಪರಿನಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಎರಡು ಚಮಚವೂ ದೊಡ್ಡ ಸಂಗತಿಯೇ.

ಲೆಕ್ಕ ಹೀಗೆ. ಅನ್ನ, ಮಣ್ಣಿ, ಬಿಸ್ಕತ್ತು, ದನದ ಹಾಲು, ಡಬ್ಬಿ ಹಾಲು ಇವೆಲ್ಲ 6 ಗಂಟೆ ಮೊದಲು ನಿಲ್ಲಬೇಕು. ಎಣ್ಣೆ ತಿಂಡಿ, ಮಾಂಸ ಆದರೆ 8. ಎದೆಹಾಲು 4. ಬರೀ ನೀರು, ಸಕ್ಕರೆ ನೀರು 2 ಗಂಟೆ ಮೊದಲಿನವರೆಗೂ ನಡೆಯುತ್ತದೆ, ಈಗ ಕೆಲವು ಕಡೆ 1 ಗಂಟೆಯವರೆಗೂ ಬಿಡುತ್ತಾರೆ. ನಮ್ಮ ಊರಿನ ಗೊಂದಲ ಗಂಜಿ ತಿಳಿಯದ್ದು. ನೋಡಲು ನೀರು, ಒಳಗೆ ಗಂಜಿಯೇ. ಅದನ್ನು ಊಟದ ಲೆಕ್ಕಕ್ಕೇ ಸೇರಿಸಿ.

ಹಾಗೆಂದು ರಾತ್ರಿ ಎಂಟಕ್ಕೇ ಬಾಯಿ ಕಟ್ಟುವುದೂ ಬೇಡ. ಹಸಿದ ಮಗು ಅಳುತ್ತದೆ, ಮೈಯ ನೀರು ಇಳಿದು ನರ ಸಿಗುವುದಿಲ್ಲ, ಎದ್ದ ಮೇಲೂ ಕಿರಿಕಿರಿ. "ನೀರು ಎಷ್ಟು ಗಂಟೆಯವರೆಗೆ ಕೊಡಬಹುದು?" ಎಂದು ಹಿಂದಿನ ದಿನವೇ ಕೇಳಿ, ಮನೆಯ ಎಲ್ಲರಿಗೂ, ಮುಖ್ಯವಾಗಿ ಅಜ್ಜಿಗೆ, ಹೇಳಿಡಿ.

ಇನ್ನು ಶೀತ. ಆಟಿಯ ಮಳೆಯಲ್ಲಿ ಕರಾವಳಿಯ ಯಾವ ಮಗುವಿನ ಮೂಗು ಒಣಗಿರುತ್ತದೆ ಹೇಳಿ! ಆದರೆ ಕೆಮ್ಮು, ಕಫ, ಜ್ವರ ಇದ್ದ ಮಗುವಿಗೆ ಅನಸ್ತೇಸಿಯಾ ಕೊಟ್ಟಾಗ ಗಂಟಲಿನ ಉಸಿರಿನ ಬಾಗಿಲು ಒಮ್ಮೆಗೇ ಗಟ್ಟಿಯಾಗಿ ಮುಚ್ಚಿಕೊಳ್ಳುವ ಸಂಭವ ಜಾಸ್ತಿ. ಶೀತ ಬಿಟ್ಟ ಮೇಲೂ ಕನಿಷ್ಠ ಎರಡು ವಾರ ಆ ಸೂಕ್ಷ್ಮ ಉಳಿದಿರುತ್ತದೆ. ದುಬೈಯಿಂದ ಅಪ್ಪ ಲೆಕ್ಕದ ರಜೆಯಲ್ಲಿ ಬಂದಿರುತ್ತಾರೆ, ದಿನ ಮುಂದೆ ಹೋದರೆ ಕಷ್ಟ ಎಂದು ಮೂಗು ಒರೆಸಿ, ಕೆಮ್ಮಿನ ಸಿರಪ್ ಕುಡಿಸಿ ಕರೆದುಕೊಂಡು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯೊಳಗೆ ಬೀಡಿ, ಸಿಗರೇಟು ಸೇದುವವರಿದ್ದರೆ ಅದನ್ನೂ ಹೇಳಿ. ಆ ಹೊಗೆ ಕುಡಿದ ಮಗುವಿನ ಗಂಟಲೂ ಹೀಗೆಯೇ ಸಿಡುಕುತ್ತದೆ.

ಮಗು ದಿನ ತುಂಬುವ ಮೊದಲು ಹುಟ್ಟಿದ್ದಾ, ದಮ್ಮು ಇದೆಯಾ, ಅನಸ್ತೇಸಿಯಾದಲ್ಲಿ ಮನೆಯ ಯಾರಿಗಾದರೂ ಮೈ ವಿಪರೀತ ಬಿಸಿಯಾಗಿತ್ತಾ, ಎದ್ದ ಮೇಲೆ ಜಾಸ್ತಿ ವಾಂತಿ ಆಗಿತ್ತಾ, ಇವನ್ನೂ ಹೇಳಬೇಕು. ವಾಂತಿಯ ಸಂಗತಿ ಮೊದಲೇ ಗೊತ್ತಿದ್ದರೆ ಒಳಗಿರುವಾಗಲೇ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಕೊಡುತ್ತೇವೆ.

ನಮ್ಮ ಕಡೆಯಿಂದ ಮಾಡುವುದೂ ಇದೆ. ನಿದ್ದೆ ಬರಿಸಿದ ಮೇಲೆ ಬೆನ್ನಿನ ಕೆಳತುದಿಯಲ್ಲಿ ಒಂದು ಇಂಜೆಕ್ಷನ್ ಕೊಡುವುದು ರೂಢಿ. ಕಾಡಲ್ ಎನ್ನುತ್ತಾರೆ. ಹೊಲಿಗೆಯ ಜಾಗ ಕೆಲವು ಗಂಟೆ ಮರಗಟ್ಟಿರುವುದರಿಂದ ಮಂಪರಿನ ಗ್ಯಾಸ್ ಕಡಿಮೆ ಸಾಕು, ಎದ್ದಾಗ ನೋವೂ ಇರುವುದಿಲ್ಲ. ಆ ಹೊತ್ತಿನಲ್ಲಿ ಕಾಲು ಸೋತಂತೆ ಕಂಡರೆ ಗಾಬರಿ ಬೇಡ, ನಿಲ್ಲಿಸಲು ಹೋಗಬೇಡಿ.

ಎದ್ದ ಕೂಡಲೇ ಮಗು ನಿಮ್ಮ ಗುರುತೇ ಸಿಗದ ಹಾಗೆ ಕಿರುಚಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಒದ್ದಾಡಬಹುದು. ಈಗ ಹೆಚ್ಚಾಗಿ ಬಳಸುವ ಸೆವೊಫ್ಲುರೇನ್ ಗ್ಯಾಸಿನ ನಂತರ ಎರಡರಿಂದ ಐದು ವರ್ಷದವರಲ್ಲಿ ಇದು ಜಾಸ್ತಿ. ತಾಯಂದಿರು "ನನ್ನ ಮಗುವಿಗೆ ಏನೋ ಆಯ್ತು" ಎಂದು ಅಳುವುದು ಇದೇ ಹೊತ್ತಿನಲ್ಲಿ. ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಬಿಗಿಯಾಗಿ ಅದುಮಬೇಡಿ, ಬೀಳದಂತೆ ನೋಡಿಕೊಂಡು ಮೆಲ್ಲಗೆ ಮಾತಾಡಿ. ಒಳಗೆ ಹೋಗುವಾಗ ಹೆದರಿದ ಮಗು ಏಳುವಾಗಲೂ ಹೆಚ್ಚು ರಂಪ ಮಾಡುತ್ತದೆ. ಅದಕ್ಕೇ ನಿದ್ದೆ ಬರುವವರೆಗೆ ನೀವು ಜೊತೆಗಿರಬಹುದಾ, ಭಯ ಇಳಿಸಿ ಮಂಪರು ತರಿಸುವ ಮಿಡಜೋಲಂ ಸಿರಪ್ ಮೊದಲೇ ಕೊಡುತ್ತಾರಾ ಎಂದು ವಿಚಾರಿಸಿ. ಆಟಿಕೆ, ಮೊಬೈಲಿನಲ್ಲಿ ಕಾರ್ಟೂನ್ ಕೂಡ ಕೆಲಸ ಮಾಡುತ್ತದೆ. "ಡಾಕ್ಟರ್ ಸೂಜಿ ಚುಚ್ತಾರೆ ನೋಡು" ಎಂದು ಮನೆಯಲ್ಲಿ ಹೆದರಿಸುವುದನ್ನು ಈ ತಿಂಗಳಾದರೂ ನಿಲ್ಲಿಸಿ.

ನೋವಿಗೆ ಪ್ಯಾರಾಸಿಟಮಾಲ್, ಅದೂ ತೂಕದ ಲೆಕ್ಕದಲ್ಲಿ: ಒಂದು ಕೆಜಿಗೆ 15 ಮಿಲಿಗ್ರಾಂ. ನಿಮ್ಮ ಮಗನಿಗೆ 180. ಚೀಟಿಯಲ್ಲಿ "5 ಎಂಎಲ್" ಎಂದಷ್ಟೇ ನೋಡಿ ಕೊಡಬೇಡಿ. ಅಂಗಡಿಯಲ್ಲಿ 5 ಎಂಎಲ್‌ಗೆ 125 ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಕೊಡೀನ್ ಇರುವ ಸಿರಪ್ 12 ವರ್ಷದೊಳಗಿನವರಿಗೆ ಬೇಡವೇ ಬೇಡ.

ಅದೇ ಸಂಜೆ ಮನೆಗೆ ಕಳಿಸಿದರೆ ಕಾಪುವರೆಗೆ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ. ಕಾರು ಬಿಡುವವರು ಬೇರೆ, ಮಗುವಿನ ಪಕ್ಕ ಕೂರುವವರು ಬೇರೆ ಇರಲಿ. ಅರೆನಿದ್ದೆಯಲ್ಲಿ ಕುತ್ತಿಗೆ ಎದೆಗೆ ಬಾಗಿದರೆ ಉಸಿರಿಗೆ ಅಡ್ಡ ಬರುತ್ತದೆ, ಗಲ್ಲ ಎತ್ತಿ ಹಿಡಿಯಲು ಒಂದು ಕೈ ಬೇಕು.